ಆರನೇ ಡಿಸ್ಕ್ ಸೇರುವವರೆಗೆ

ಫೆಬ್ರವರಿ 17, ಸೋಮವಾರ

ಈ ಡೈರಿ ಔಷಧಿ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು. ಖಾನೆಯಲ್ಲಿ ಸುಮ್ಮನೆ ಬಿದ್ದಿತ್ತು. ಇವತ್ತು ಬರೆಯೋಣ ಅನ್ನಿಸಿತು. ಮನೆಯಲ್ಲಿ ಇವರಿಗೆ ಹೇಳಿದರೆ "ನಿಂಗ್ಯಾಕ ಬೇಕಿತ್ತು ಅದು" ಅನ್ನುತ್ತಾರೆ. ಸೆಂಟರಿನಲ್ಲಿ ಹೇಳಿಕೊಂಡರೆ ಈ ಪುಷ್ಪಲತಾ ಪುಕ್ಕಲಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ.

ಆಗಿದ್ದು ಇಷ್ಟು. ಬೆಳಿಗ್ಗೆ ಡಾಕ್ಟರ್ ಮಾಲತೇಶ್ ಸರ್ ಕರೆದರು. ಸ್ಕ್ಯಾನ್ ಸೆಂಟರ್ ಅವರದೇ, ಚಿತ್ರ ನೋಡಿ ರಿಪೋರ್ಟ್ ಹೇಳುವವರೂ ಅವರೇ. ಅವರು ಹೇಳಿದ್ದನ್ನು ಟೈಪ್ ಮಾಡುವವಳು ನಾನು, ಹದಿನಾಲ್ಕು ವರ್ಷದಿಂದ. ಅವರ ಪರದೆ ಮೇಲೆ ಒಂದು ಹಳದಿ ಪಟ್ಟಿ ಬಂದಿತ್ತು. ಸರ್ವರ್ ನೂರಕ್ಕೆ ತೊಂಬತ್ತನಾಲ್ಕು ಭರ್ತಿ.

"ಏನ್ರೀ ಇದು?"

"ಗೊತ್ತಿಲ್ಲ ಸರ್."

"ಪರಶುರಾಮ ಇಲ್ಲ. ಅವನ ಪಕ್ಕ ಕೂತು ನೋಡ್ತಿದ್ದವ್ರು ನೀವೊಬ್ರೇ. ಇನ್ಮೇಲೆ ನೀವೇ ನೋಡ್ಕೋರಿ."

ಸರ್ವರ್ ಕೋಣೆಯ ಕೀಲಿ ಕೈಗೆ ಕೊಟ್ಟುಬಿಟ್ಟರು. ನಾನು "ಆಯ್ತು ಸರ್" ಅಂದೆ. ನನಗೆ ಬಾಯಿಗೆ ಬರುವುದು ಅದೊಂದೇ.

ಸೆಂಟರಿನ ಕಂಪ್ಯೂಟರ್ ಎಲ್ಲ ನೋಡಿಕೊಳ್ಳುತ್ತಿದ್ದ ಪರಶುರಾಮ್ ಸರ್‌ಗೆ ಡಿಸೆಂಬರಿನಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಹರಿಹರದ ಮನೆಯಲ್ಲಿದ್ದಾರೆ. ನಾನು ಒಂದು ಸಲವೂ ಹೋಗಿ ನೋಡಿಲ್ಲ. ನೋಡೋಕೆ ಧೈರ್ಯವಿಲ್ಲ ಅಂತ ಇಲ್ಲಿ ಬರೆದುಕೊಳ್ಳಬಹುದು.

ಸಂಜೆ ಕೋಣೆ ತೆಗೆದು ಸರ್ವರ್ ಮುಂದೆ ನಿಂತೆ. ದಾವಣಗೆರೆ, ಹರಿಹರ, ಸುತ್ತಲಿನ ಹಳ್ಳಿಯವರ ತಲೆ, ಎದೆ, ಬೆನ್ನುಮೂಳೆ ಎಲ್ಲದರ ಚಿತ್ರವೂ ಈ ಒಂದು ಪೆಟ್ಟಿಗೆಯಲ್ಲಿ. ಒಳಗೆ ನಾಲ್ಕು ಡಿಸ್ಕು, ಅವನ್ನು ಒಂದೇ ಅನ್ನುವ ಹಾಗೆ ನಡೆಸುವ ಒಂದು ಕಾರ್ಡು. ಪರಶುರಾಮ್ ಸರ್ ಒಮ್ಮೆ ಟೀ ಕುಡಿಯುತ್ತಾ ಹೇಳಿದ್ದರು: "ಜಮಖಾನದ ನಾಲ್ಕು ಮೂಲೆ ನಾಲ್ಕು ಜನ ಹಿಡ್ಕೊಂಡಂಗೆ, ಪುಷ್ಪಾ. ಒಬ್ಬ ಕೈ ಬಿಟ್ರೆ ಮೂರು ಜನ ತಡೀತಾರೆ. ಇಬ್ರು ಬಿಟ್ರೋ, ಎಲ್ಲಾ ನೆಲಕ್ಕೆ." ನನಗೆ ಗೊತ್ತಿರುವುದು ಅಷ್ಟೇ. ಗುಂಯ್ ಅನ್ನುತ್ತಿತ್ತು. ಬಾಗಿಲು ಹಾಕಿಕೊಂಡು ಬಂದೆ.

ಫೆಬ್ರವರಿ 19, ಬುಧವಾರ

ಸರ್ವರ್ ಮಾರಿದ ಕಂಪನಿಗೆ ಫೋನ್ ಮಾಡಿದೆ. ಏಳು ವರ್ಷ ಹಳೇದು ಮೇಡಂ, ಅದನ್ನು ಮುಟ್ಟುವುದಿಲ್ಲ, ಹೊಸದು ತಗೊಳ್ಳಿ ಅಂದರು. ಡಾಕ್ಟರಿಗೆ ಹೇಳಿದೆ.

"ಹೊಸದು ಈ ವರ್ಷ ಆಗಲ್ಲ. ಮೂರು ವರ್ಷಕ್ಕಿಂತ ಹಳೇವು ಅಳಿಸಿಬಿಡ್ರಿ. ಯಾರೂ ಕೇಳಲ್ಲ."

"ಆಯ್ತು ಸರ್."

ಪಟ್ಟಿ ತೆಗೆದು ಕೂತೆ. ಹನ್ನೊಂದು ಸಾವಿರದ ಚಿಲ್ಲರೆ ಹೆಸರು. ಅರ್ಧಕ್ಕರ್ಧ ನಾನೇ ಟೈಪ್ ಮಾಡಿದ್ದು. ಮೌಸ್ ಮೇಲೆ ಕೈಯಿಟ್ಟುಕೊಂಡು ಊಟದ ಹೊತ್ತಿನ ತನಕ ಕೂತಿದ್ದೆ. ಅಳಿಸಲಿಲ್ಲ. ಅಳಿಸುವುದಿಲ್ಲ ಅಂತ ಹೇಳಲೂ ಇಲ್ಲ.

ಫೆಬ್ರವರಿ 20, ಗುರುವಾರ

ನಂದಿಗುಡಿಯಿಂದ ಮಾರೆಮ್ಮ ಅಂತ ಒಬ್ಬ ಮುದುಕಿ ಬಂದಿದ್ದಳು, ಮಗ ಗುಡ್ಡಪ್ಪನ ಜೊತೆ. ಕೆಮ್ಮು ಅಂತ ದೊಡ್ಡಾಸ್ಪತ್ರೆಗೆ ಹೋದರೆ ಶ್ವಾಸಕೋಶದಲ್ಲಿ ಗಂಟಿದೆ, ಕ್ಯಾನ್ಸರ್ ಇರಬಹುದು, ಸೂಜಿ ಹಾಕಿ ಚೂರು ತೆಗೆಯಬೇಕು ಅಂದಿದ್ದಾರೆ. ಅಲ್ಲಿಯ ಸಿಡಿ ಹಿಡಿದುಕೊಂಡು ಇನ್ನೊಬ್ಬರ ಮಾತು ಕೇಳೋಣ ಅಂತ ಬಂದಿದ್ದರು.

ಡಾಕ್ಟರ್ ನೋಡಿ, "ಈ ಮೊದ್ಲು ಯಾವಾಗಾದ್ರೂ ಎದೆ ಸ್ಕ್ಯಾನ್ ಮಾಡ್ಸಿದ್ರಾ?" ಅಂದರು.

ಗುಡ್ಡಪ್ಪ ತಲೆ ಕೆರೆದುಕೊಂಡ. "ಭತ್ತದ ಟ್ರೇಲರಿಂದ ಬಿದ್ದಾಗ ಒಂದ್ಸಲ ಇಲ್ಲೇ ಮಾಡ್ಸಿದ್ವಿ ಸಾರ್. ಐದಾರು ವರ್ಷ ಆತು."

ಡಾಕ್ಟರ್ ನನ್ನ ಕಡೆ ನೋಡಿದರು. ನಿನ್ನೆಯೇ ಅಳಿಸಿ ಅಂದಿದ್ದರಲ್ಲ.

"ಅದಾವೆ ಸರ್" ಅಂದೆ.

ಹುಡುಕಿದರೆ ಮಾರೆಮ್ಮ ಅಂತ ಇಲ್ಲ. ಮಾರವ್ವ ಅಂತಲೂ ಇಲ್ಲ. ಕಡೆಗೆ "ಮರಿಯಮ್ಮ" ಅಂತ ಸಿಕ್ಕಿತು. ಚೀಟಿಯಲ್ಲಿ ಗೀಚಿದ್ದನ್ನು ನಾನೇ ತಪ್ಪಾಗಿ ಓದಿ ಟೈಪ್ ಮಾಡಿದ್ದು. ಊರು, ವಯಸ್ಸು, ಮುರಿದ ಪಕ್ಕೆಲುಬು ಎಲ್ಲ ತಾಳೆಯಾಯಿತು. ಎರಡೂ ಚಿತ್ರ ಪಕ್ಕಪಕ್ಕ ಇಟ್ಟು ಡಾಕ್ಟರ್ ಬಹಳ ಹೊತ್ತು ಅಳೆದರು.

"ಆಗ ಎಷ್ಟಿತ್ತೋ ಈಗ್ಲೂ ಅಷ್ಟೇ ಐತೆ. ಬೆಳೆಯೋ ಗಂಟು ಆರು ವರ್ಷ ಸುಮ್ನೆ ಕೂರಲ್ಲ. ಹಳೇ ಕಲೆ ಇದ್ದಂಗೈತೆ. ಎರಡೂ ತಗೊಂಡ್ಹೋಗಿ ಆ ಡಾಕ್ಟರಿಗೆ ತೋರ್ಸು, ನಾನೂ ಮಾತಾಡ್ತೀನಿ."

ಗುಡ್ಡಪ್ಪ ಅಲ್ಲೇ ಗೋಡೆಗೆ ಒರಗಿಬಿಟ್ಟ. ಮಾರೆಮ್ಮ ಮಾತ್ರ ಪರದೆಗೆ ಮುಖ ಹತ್ತಿರ ತಂದು, "ಆರು ವರ್ಷದಿಂದ ನನ್ ಎದಿ ಇಲ್ಲೇ ಇಟ್ಕಂಡಿದ್ಯೇನವ್ವಾ?" ಅಂತ ನನ್ನನ್ನು ಕೇಳಿದಳು.

ಅವರು ಹೋದ ಮೇಲೆ ಡಾಕ್ಟರ್ ಕನ್ನಡಕ ತೆಗೆದು, "ಬೇರೆ ದಾರಿ ಐತಾ ಪುಷ್ಪಲತಾ?" ಅಂದರು.

"ಪೆಟ್ಟಿಗೇಲಿ ಇನ್ನೂ ನಾಲ್ಕು ಡಿಸ್ಕಿಗೆ ಜಾಗ ಖಾಲಿ ಐತೆ ಸರ್. ಹೊಸವು ಹಾಕಿ ಇರೋದ್ರ ಜೊತೇಲೇ ಬೆಳೆಸಬಹುದು ಅಂತ ಪರಶುರಾಮ್ ಸರ್ ಅಂತಿದ್ರು. ಹೆಂಗೆ ಅಂತ ನಂಗೊತ್ತಿಲ್ಲ."

"ತಿಳ್ಕೋರಿ."

ಫೆಬ್ರವರಿ 23, ಭಾನುವಾರ

ಹರಿಹರಕ್ಕೆ ಹೋಗಿದ್ದೆ. ಹೋಗಬಾರದಿತ್ತು.

ದೇವಸ್ಥಾನದ ಹಿಂದಿನ ಓಣಿ. ಹೊನ್ನಕ್ಕ, ಅಂದರೆ ಸರ್ ಹೆಂಡತಿ, ಬಾಗಿಲಲ್ಲೇ ಕೈ ಹಿಡಿದು "ಬರ್ರಿ ತಂಗೀ, ಕೂಡ್ರಿ" ಅಂದರು. ಸರ್ ಕಿಟಕಿ ಪಕ್ಕ ಕುರ್ಚಿಯಲ್ಲಿದ್ದರು. ಕ್ಷೌರ ಮಾಡಿಸಿ ಇಸ್ತ್ರಿ ಅಂಗಿ ಹಾಕಿಸಿದ್ದರು. ನನ್ನ ಗುರುತು ಹತ್ತಿತು. "ಅದು... ಅದು..." ಅಂದರು. ಬೇರೆ ಏನೂ ಬರಲಿಲ್ಲ. ಹೊನ್ನಕ್ಕನೇ ಮುಂದುವರಿಸಿದರು. "ಆರಾಮಾ ಅಂತ ಕೇಳ್ತಾರೆ. ಸೆಂಟರ್ ಹೆಂಗೈತೆ ಅಂತಾರೆ. ಟೀ ಕುಡೀರಿ ಅಂತಾರೆ." ಅವರು ಕೇಳಿದ್ದು ಅದೇ ಹೌದೋ ಅಲ್ಲವೋ ಯಾರಿಗೆ ಗೊತ್ತು.

ಡಿಸ್ಕುಗಳನ್ನು ಆಳುವ ಕಾರ್ಡಿನ ಒಳಗೆ ಹೋಗಲು ಪಾಸ್‌ವರ್ಡ್ ಬೇಕು. ಅದು ಎಲ್ಲೂ ಬರೆದಿಟ್ಟಿಲ್ಲ. ಕೇಳಿದೆ. ಸರ್ ತಲೆಯಾಡಿಸಿದರು, ಗೊತ್ತಿದೆ ಅನ್ನುವ ಹಾಗೆ. ಬಾಯಿ ತೆರೆದರು. "ಅದು..." ಮತ್ತೆ ತೆರೆದರು. ಪೆನ್ನು ಕೊಟ್ಟೆ. ಎಡಗೈಯಲ್ಲಿ ಒಂದು ಗೆರೆ, ಒಂದು ಸುತ್ತು. ಪೆನ್ನು ಬಿಸಾಡಿ ಅಳೋಕೆ ಶುರು ಮಾಡಿದರು. ಇಪ್ಪತ್ತು ವರ್ಷ ಎಲ್ಲರ ಕಂಪ್ಯೂಟರ್ ಸರಿ ಮಾಡಿದ ಮನುಷ್ಯ.

ಓಣಿ ತುದಿಯ ತನಕ ಹೊನ್ನಕ್ಕ ಬಂದರು. ನಾನು ಕ್ಷಮಿಸಿ ಅಂದೆ. "ಏನೂ ಬ್ಯಾಡ. ಮತ್ತ ಬರ್ರಿ. ಮೊದ್ಲು ವಾರಕ್ಕೊಬ್ರು ಬರ್ತಿದ್ರು. ಈಗ ಯಾರೂ ಬರಲ್ಲ" ಅಂದರು.

ಸಿಕ್ಕ ಮೊದಲ ಬಸ್ ಹತ್ತಿ ಊರಿಗೆ ಬಂದೆ.

ಫೆಬ್ರವರಿ 26, ಶಿವರಾತ್ರಿ

ಉಪವಾಸ. ಸರ್ವರ್ 95. ಕೆಲಸ ಬಿಡೋಣ ಅನ್ನಿಸುತ್ತಿದೆ.

ಮಾರ್ಚ್ 2, ಭಾನುವಾರ

ನಿನ್ನೆ ಪರಶುರಾಮ್ ಸರ್ ಅವರ ಹಳೇ ಮೇಜು ಒರೆಸುವಾಗ ಕೀಬೋರ್ಡ್ ಕಣ್ಣಿಗೆ ಬಿತ್ತು. ಅರ್ಧ ಅಕ್ಷರ ಸವೆದು ಹೋಗಿವೆ. ನಾನು ಟೈಪಿಸ್ಟ್, ನನಗೆ ಒಂದು ಗೊತ್ತು: ಎಷ್ಟೋ ಪದ ನನಗೆ ಬಾಯಲ್ಲಿ ಕೇಳಿದರೆ ಸ್ಪೆಲಿಂಗ್ ಬರುವುದಿಲ್ಲ, ಬೆರಳಿಗೆ ಬರುತ್ತದೆ. ಕೀಬೋರ್ಡನ್ನೂ ಒಂದು ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ ಹತ್ತಿದೆ.

ಸರ್ ಮುಂದೆ ಇಟ್ಟೆ. ಏನೂ ಕೇಳಲಿಲ್ಲ. ಲಾಗಿನ್ ಆಗುವಾಗ ಬರುವ ಖಾಲಿ ಚೌಕವನ್ನು ಮಾತ್ರ ತೆರೆದಿಟ್ಟೆ. ಅವರು ಕೀಬೋರ್ಡ್ ಮೇಲೆ ಎಡಗೈ ಆಡಿಸಿದರು, ಮೊಮ್ಮಗುವಿನ ಬೆನ್ನು ಸವರುವ ಹಾಗೆ. ಹೊನ್ನಕ್ಕ "ಅವ್ರಿಗೆ ಆಗಲ್ಲ ತಂಗೀ" ಅಂದರು. ಸರ್ ಅವರ ಕಡೆ ತಿರುಗಿ ನೋಡಿದರು. ಹೊನ್ನಕ್ಕ ಒಳಗೆ ಹೋದರು.

ಮೊದಲನೇ ಸಲ ಹೊಡೆದದ್ದು ಅರ್ಥವಿಲ್ಲದ್ದು. ಎರಡನೇ ಸಲವೂ ಹಾಗೇ. ಬಲಗೈ ತೊಡೆ ಮೇಲೆ ಬಿದ್ದಿತ್ತು. ನಾನು ಅದನ್ನೆತ್ತಿ ಕೀಬೋರ್ಡಿನ ಬಲಬದಿಗೆ ಇಟ್ಟೆ, ಸುಮ್ಮನೆ, ಅದು ಅಲ್ಲಿರಲಿ ಅಂತ. ಆಮೇಲೆ ಎಡಗೈ ಬೇರೆ ರೀತಿ ಓಡಾಡಿತು. ನಿಂತು ನಿಂತು ಹನ್ನೆರಡು ಅಕ್ಷರ ಹೊಡೆದರು. ಅಳಿಸಿ ಮತ್ತೆ ಹೊಡೆಯಲು ಹೇಳಿದೆ. ಅದೇ ಹನ್ನೆರಡು.

ಬರೆದುಕೊಂಡು ಬಂದಿದ್ದೇನೆ. ಊಟ ಅಲ್ಲೇ ಆಯಿತು.

ಮಾರ್ಚ್ 3, ಸೋಮವಾರ

ಪಾಸ್‌ವರ್ಡ್ ಸರಿಯಾಗಿತ್ತು!

ಖುಷಿ ಎರಡು ನಿಮಿಷ. ಒಳಗೆ ಹೋಗಿ ನೋಡಿದರೆ ಮೂರು ವಿಷಯ ಗೊತ್ತಾಯಿತು, ಮೂರೂ ಕೆಟ್ಟವು. ನಾಲ್ಕು ಡಿಸ್ಕಿನಲ್ಲಿ ಒಂದು ಸದ್ಯದಲ್ಲೇ ಸಾಯುತ್ತೇನೆ ಅನ್ನುತ್ತಿದೆ. ಕರೆಂಟ್ ಹೋದಾಗ ಅರ್ಧ ಬರೆದಿದ್ದನ್ನು ಕಾಪಾಡಬೇಕಾದ ಕಾರ್ಡಿನ ಬ್ಯಾಟರಿ ದುರ್ಬಲವಾಗಿದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪ್ರತಿ ರಾತ್ರಿ ಎಲ್ಲದರ ಒಂದು ಕಾಪಿ ಬೇರೆ ಕಡೆ ಆಗುತ್ತಿದೆ ಅಂತ ನಾವೆಲ್ಲ ನಂಬಿದ್ದೆವಲ್ಲ, ಅದು ಕಳೆದ ಜೂನ್‌ನಲ್ಲೇ ನಿಂತಿದೆ. ಒಂಬತ್ತು ತಿಂಗಳಿಂದ ಎರಡನೇ ಕಾಪಿಯೇ ಇಲ್ಲ.

ಜೂನ್‌ನಲ್ಲಿ ಪರಶುರಾಮ್ ಸರ್ ಕೆಲಸದಲ್ಲಿದ್ದರು.

ಡಾಕ್ಟರಿಗೆ ಹೇಳಿದೆ. ಅವರು ಮೇಜು ಗುದ್ದಿದರು. "ಯಾರದ್ರೀ ತಪ್ಪು ಇದು? ಅವನು ಏನ್ ಮಾಡ್ತಿದ್ದ?"

"ತಪ್ಪು ಆಮೇಲೆ ಹುಡುಕೋಣ ಸರ್. ಮೊದ್ಲು ಕಾಪಿ ಆಗ್ಲಿ. ಅದು ಆಗೋವರ್ಗೂ ಆ ಪೆಟ್ಟಿಗೆ ಯಾರೂ ಮುಟ್ಟೋದು ಬ್ಯಾಡ, ನಾನೂ ಸೇರಿ."

ಹಾಗೆ ಹೇಗೆ ಮಾತಾಡಿದೆನೋ. ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ, ಅದಕ್ಕೇ ಇರಬೇಕು.

ಮಾರ್ಚ್ 5, ಬುಧವಾರ

ಮಂಡಿಪೇಟೆಯ ಕುತುಬುದ್ದೀನ್ ಅವರ ಅಂಗಡಿಗೆ ಹೋಗಿದ್ದೆ. ನಮ್ಮ ಸೆಂಟರಿಗೆ ಕಂಪ್ಯೂಟರ್ ಸಾಮಾನು ಕೊಡುವವರು. ರಂಜಾನ್ ತಿಂಗಳು, ಅವರಿಗೆ ರೋಜಾ ಉಪವಾಸ, ಆದರೂ ನನಗೆ ಟೀ ತರಿಸಿದರು. ಬೇಡವೆಂದರೂ ಕೇಳಲಿಲ್ಲ. ಕಾಪಿಗೆ ದೊಡ್ಡ ಡಿಸ್ಕುಗಳು ಇವತ್ತೇ ಸಿಕ್ಕವು. ಸರ್ವರಿಗೆ ಹಾಕುವ ಮೂರು ಡಿಸ್ಕು, ಕಾರ್ಡಿನ ಬ್ಯಾಟರಿ ಹುಡುಕಬೇಕಂತೆ. ಸಾಯುವುದಕ್ಕೆ ಬದಲಿ ಒಂದು, ಬೆಳೆಸಲು ಎರಡು.

"ಹಳೇ ಮಾಲು ಮೇಡಂ. ಅದೇ ಜಾತಿ, ಅದೇ ಅಳತೆ ಬೇಕು. ತಲಾಶ್ ಮಾಡ್ತೀನಿ. ಪರಶುರಾಮಣ್ಣ ಹೆಂಗವ್ರೆ?"

ನಾನು ಹೇಳಿದೆ. ಅವರು "ನಂಗೆ ಈ ಧಂದೆ ಕಲ್ಸಿದ್ದೇ ಅವ್ರು" ಅಂದರು.

ಮಧ್ಯಾಹ್ನ ಕಾಪಿ ಶುರು ಮಾಡಿದೆ.

ಮಾರ್ಚ್ 8, ಶನಿವಾರ

ಕಾಪಿ ಮುಗಿಯಿತು. ಮುಗಿದಿದೆ ಅಂತ ಅದು ಹೇಳಿದರೆ ಸಾಲದು. ಕಾಪಿಯಿಂದಲೇ ಇಪ್ಪತ್ತು ಸ್ಕ್ಯಾನ್ ತೆರೆದು ನೋಡಿದೆ. ಮಾರೆಮ್ಮನದೂ ತೆರೆಯಿತು. ಕಾಪಿ ಡಿಸ್ಕುಗಳ ಒಂದು ಕಂತೆ ನನ್ನ ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ. ಇವರು ಕೇಳಿದರು, ಏನದು ಅಂತ. "ಅರ್ಧ ಜಿಲ್ಲೆಯ ಜನ ಮಲಗವ್ರೆ, ಸದ್ದು ಮಾಡ್ಬ್ಯಾಡ್ರಿ" ಅಂದೆ.

ಮಾರ್ಚ್ 9, ಭಾನುವಾರ

ಹರಿಹರ. ಹೇಳಲೋ ಬೇಡವೋ ಅಂತ ದಾರಿಯುದ್ದ ಯೋಚನೆ. ಹೇಳಿದೆ. ಜೂನ್‌ನಿಂದ ಕಾಪಿ ಆಗಿರಲಿಲ್ಲ ಸರ್, ಈಗ ಮಾಡಿದ್ದೀನಿ, ಎಲ್ಲಾ ಸುರಕ್ಷಿತ ಐತೆ.

ಸರ್ ನೆಲ ನೋಡಿದರು. ಹೊನ್ನಕ್ಕ ಎಂದಿನಂತೆ, "ಅವ್ರಿಗೆ ಆಗ್ಲೇ ಮೈ ಸರಿ ಇರಲಿಲ್ಲ, ತಲೆನೋವು ತಲೆನೋವು ಅಂತಿದ್ರು, ಅದಕ್ಕೇ..." ಅಂತ ಶುರು ಮಾಡಿದರು. ಸರ್ ಎಡಗೈ ಎತ್ತಿ ತಡೆದರು. ಬಾಯಿ ತೆರೆದರು. ನಾವಿಬ್ಬರೂ ಕಾದೆವು. ಹೊರಗೆ ಯಾರೋ ಕೊತ್ತಂಬರಿ ಮಾರಿಕೊಂಡು ಓಣಿ ದಾಟಿ ಹೋದರು, ಅಷ್ಟು ಹೊತ್ತು.

"ತಪ್ಪು" ಅಂದರು. ಆಮೇಲೆ, "ನಂದು."

ಡಿಸೆಂಬರಿನಿಂದ "ಅದು" ಬಿಟ್ಟು ಬಂದ ಮೊದಲ ಮಾತಂತೆ. ಹೊನ್ನಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ನಾನು ಮಾತ್ರ ಏನೇನೋ ಬಡಬಡಿಸಿದೆ. ಡಿಸ್ಕ್ ಬದಲಾಯಿಸೋದು ಹೆಂಗೆ, ಯಾವುದು ಮೊದಲು, ಹೇಳಿಕೊಡ್ರಿ ಅಂತ. ಎರಡನೇ ನಂಬರಿನ ಡಿಸ್ಕ್ ಕೆಟ್ಟಿದೆ ಅಂತ ತೋರಿಸುತ್ತೆ ಅಂದಾಗ ಅವರು ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಸುತ್ತು ಮಾಡಿ ತೋರಿಸಿದರು. ಮತ್ತೆ ಮತ್ತೆ ಅದೇ. ವಡೆ? ಬಳೆ? ನನಗೆ ತಿಳಿಯಲಿಲ್ಲ. ಅವರಿಗೆ ಸಿಟ್ಟು ಬಂತು. ನನಗೆ ನಗು ಬಂತು. ಕಡೆಗೆ ಅವರಿಗೂ.

ಮಾರ್ಚ್ 15, ಶನಿವಾರ

ಮೂರು ಡಿಸ್ಕೂ ಬ್ಯಾಟರಿಯೂ ಮೊನ್ನೆ ಬಂದವು. ನಿನ್ನೆ ಹೋಳಿ, ಕಿವಿಯಲ್ಲಿ ಇನ್ನೂ ಬಣ್ಣ ಇದೆ.

ಇವತ್ತು ಸಂಜೆ ಐದಕ್ಕೆ ಬ್ಯಾಟರಿ ಬದಲಾಯಿಸಿದೆವು, ಸರ್ವರ್ ಆರಿಸಿ, ಕುತುಬುದ್ದೀನ್ ಅವರ ಕೈಯಲ್ಲಿ. ಆಮೇಲೆ ಡಿಸ್ಕ್. ಅದು ನನ್ನ ಕೆಲಸ. ಸರ್ವರ್ ನಡೆಯುತ್ತಿರುವಾಗಲೇ ಕೆಟ್ಟದ್ದನ್ನು ಎಳೆದು ಹೊಸದು ಹಾಕಬಹುದು, ಉಳಿದ ಮೂರು ಸೇರಿ ಅದರೊಳಗೆ ಇರಬೇಕಾದ್ದನ್ನು ತುಂಬುತ್ತವೆ. ಪರದೆಯಲ್ಲಿ ಎರಡನೇ ನಂಬರನ್ನು ಆಫ್ ಮಾಡಿದೆ. ಪೆಟ್ಟಿಗೆ ಮುಂದೆ ಬಗ್ಗಿ ಎಡದಿಂದ ಎಣಿಸಿದೆ. ಒಂದು, ಎರಡು. ಎರಡನೆಯದರ ಹಿಡಿಕೆ ಹಿಡಿದೆ, ಅರ್ಧ ತೆರೆದೂ ಬಿಟ್ಟೆ.

ಆಗ ಸರ್ ಮಾಡಿದ ಸುತ್ತು ಕಣ್ಣಿಗೆ ಬಂತು. ಸೊನ್ನೆ. ಎಣಿಕೆ ಸೊನ್ನೆಯಿಂದ ಶುರು. ಸೊನ್ನೆ, ಒಂದು, ಎರಡು. ಎರಡನೇ ನಂಬರ್ ಅಂದರೆ ಮೂರನೆಯ ಡಿಸ್ಕು.

ಹಿಡಿಕೆ ಮೆಲ್ಲಗೆ ಮುಚ್ಚಿದೆ. ಅದನ್ನು ಎಳೆದಿದ್ದರೆ ಇಬ್ಬರು ಕೈ ಬಿಟ್ಟ ಹಾಗಾಗುತ್ತಿತ್ತು. ಕಾರ್ಡಿಗೆ ಹೇಳಿ ಕೆಟ್ಟ ಡಿಸ್ಕಿನ ದೀಪವನ್ನು ಮಿನುಗಿಸಿದೆ. ಹೌದು, ಮೂರನೆಯದೇ. ಎಳೆದೆ, ಹೊಸದು ತಳ್ಳಿದೆ. ಟಕ್ ಅಂತ ಕೂತಿತು.

ಕುತುಬುದ್ದೀನ್‌ಗೆ ಏನಾಯಿತು ಅಂತ ಹೇಳಲೇ ಇಲ್ಲ. ಅವರ ಇಫ್ತಾರಿಗೆ ತಡವಾಗುತ್ತಿತ್ತು, ಕಳಿಸಿದೆ. ನಾನು ಹತ್ತು ನಿಮಿಷ ನೆಲದ ಮೇಲೇ ಕೂತಿದ್ದೆ.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಹೋಗಿ ನೋಡಿದರೆ ನಾಲ್ಕಕ್ಕೆ ನಾಲ್ಕೂ ಹಸಿರು. ಅಲ್ಲಿಂದಲೇ ಹರಿಹರದ ಬಸ್ ಹತ್ತಿದೆ. ಬಾಗಿಲಲ್ಲಿ ನಿಂತು ಬೆರಳಲ್ಲಿ ಸುತ್ತು ಮಾಡಿ ತೋರಿಸಿದೆ. ಸರ್, "ಸೊನ್ನೆ!" ಅಂದರು, ಮೇಷ್ಟ್ರು ದಡ್ಡ ಹುಡುಗಿಗೆ ಹೇಳುವ ಹಾಗೆ.

ಹೊನ್ನಕ್ಕ ಈಗ ಅವರ ಮಾತು ಮುಗಿಸುವುದಿಲ್ಲ. ತುಟಿ ಕಚ್ಚಿಕೊಂಡು ಕಾಯುತ್ತಾರೆ.

ಮಾರ್ಚ್ 24, ಸೋಮವಾರ

ಸರ್ವರ್ 98. ಡಾಕ್ಟರಿಗೆ ಹೆದರಿಕೆ, ಒಂದು ವರ್ಷದ್ದಾದರೂ ಅಳಿಸಿ ಅಂದರು. ಬ್ಯಾಡ ಅಂದೆ. ಹೊಸ ಡಿಸ್ಕು ಸೇರಿಸಿ ಬೆಳೆಸುವುದನ್ನು ಶನಿವಾರ ಶುರು ಮಾಡುತ್ತೇನೆ. ಭಾನುವಾರ ಯುಗಾದಿ, ಸೋಮವಾರ ರಂಜಾನ್, ಎರಡು ದಿನ ತುರ್ತಿನ ಸ್ಕ್ಯಾನ್ ಬಿಟ್ಟು ಬೇರೆ ಇರುವುದಿಲ್ಲ. ಒಮ್ಮೆ ಶುರು ಮಾಡಿದರೆ ನಾಲ್ಕು ದಿನ ಬೇಕು, ನಡುವೆ ಕರೆಂಟ್ ಹೋಗಬಾರದು. ಯುಪಿಎಸ್ ಇದೆ, ಜನರೇಟರ್ ಇದೆ. ವಾಚ್‌ಮನ್ ಓಬಯ್ಯನಿಗೆ ಡೀಸೆಲ್ ತುಂಬಿಡಲು ಹೇಳಿದೆ.

ಮಾರ್ಚ್ 29, ಶನಿವಾರ

ಕಾಪಿ ಇನ್ನೊಂದು ಸಲ ತೆಗೆದಾಯಿತು. ಮಧ್ಯಾಹ್ನ ಎರಡು ಹೊಸ ಡಿಸ್ಕು ಹಾಕಿ, ಮೂರು ಗಂಟೆಗೆ ಕಾರ್ಡಿಗೆ ಹೇಳಿದೆ: ನಾಲ್ಕರಲ್ಲಿ ಇರುವುದನ್ನು ಆರಕ್ಕೆ ಹರಡು. ಖಚಿತವೇ ಅಂತ ಕೇಳಿತು. ಖಚಿತ ಅಂತ ಒತ್ತಿದೆ.

ಒಂದು ಗಂಟೆಗೆ ಒಂದು ಪರ್ಸೆಂಟ್. ನಮ್ಮ ಎತ್ತಿನ ಗಾಡಿಯೇ ವಾಸಿ.

ಮಾರ್ಚ್ 30, ಯುಗಾದಿ

ಹೋಳಿಗೆ ಮಾಡಿದೆ. ಬೇವು ಬೆಲ್ಲ ಒಂದು ಡಬ್ಬಿಗೆ ಹಾಕಿಕೊಂಡು ಸೆಂಟರಿಗೆ ಹೋಗಿ ಓಬಯ್ಯನಿಗೂ ಕೊಟ್ಟೆ. ಹದಿನೆಂಟು. ಸಂಜೆ ಮತ್ತೆ ಹೋದಾಗ ಇಪ್ಪತ್ತೇಳು.

ಮಾರ್ಚ್ 31, ಸೋಮವಾರ

ಮಧ್ಯಾಹ್ನ ನಾಲ್ಕಕ್ಕೆ ಗಾಳಿ ಎದ್ದಿತು. ಧೂಳು, ಆಮೇಲೆ ನಾಲ್ಕು ದಪ್ಪ ಹನಿ, ಆಮೇಲೆ ಎಲ್ಲೋ ಮರ ಬಿದ್ದ ಸದ್ದು. ಕರೆಂಟ್ ಹೋಯಿತು. ನಾನು ಅಲ್ಲೇ ಇದ್ದೆ. ಪರದೆಯಲ್ಲಿ ನಲವತ್ತೊಂಬತ್ತು. ಯುಪಿಎಸ್ ಕೀಂ ಕೀಂ ಅನ್ನತೊಡಗಿತು: ಇಪ್ಪತ್ತು ನಿಮಿಷ.

ಜನರೇಟರ್ ಸದ್ದು ಕೇಳಲಿಲ್ಲ. ಓಡಿದೆ. ಓಬಯ್ಯ ಬೆವರಿ ನೀರಾಗಿದ್ದ. "ಡೀಸೆಲ್ ಐತೆ ಅಕ್ಕಾರೆ, ಬ್ಯಾಟ್ರಿ ಸತ್ತೈತೆ. ಕೀ ತಿರುವಿದ್ರೆ ಟಿಕ್ ಟಿಕ್ ಅಂತೈತೆ, ಅಷ್ಟೇ."

ಕುತುಬುದ್ದೀನ್‌ಗೆ ಫೋನ್ ಮಾಡಿದೆ. ಹಬ್ಬದ ದಿನ, ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಎರಡು ಮಾತಲ್ಲಿ ಹೇಳಿದೆ. "ಕಾರ್ ತಗೊಂಡ್ ಬಂದೆ ಮೇಡಂ" ಅಂದರು.

ಒಳಗೆ ಬಂದರೆ ಹದಿನಾಲ್ಕು ನಿಮಿಷ. ಅದೇ ಯುಪಿಎಸ್ ಮೇಲೆ ಡಾಕ್ಟರ ಎರಡು ದೊಡ್ಡ ಪರದೆ, ರಿಸೆಪ್ಷನ್, ಪ್ರಿಂಟರ್. ಒಂದೊಂದೇ ಕಿತ್ತೆ. ಡಾಕ್ಟರ್ ಬಾಕಿ ರಿಪೋರ್ಟ್ ನೋಡುತ್ತಾ ಕೂತಿದ್ದರು.

"ತುರ್ತಿಂದಾ ಸರ್?"

"ಅಲ್ಲ, ನಾಳೆದು. ಐದು ನಿಮಿಷ ಪುಷ್ಪಲತಾ..."

"ಇಲ್ಲ ಸರ್. ಎದ್ದೇಳ್ರಿ."

ಎದ್ದರು. ನಾನು ಪ್ಲಗ್ ಎಳೆದೆ. ಯುಪಿಎಸ್ ಮೇಲಿನ ಅಂಕಿ ಸ್ವಲ್ಪ ಯೋಚಿಸಿ ಇಪ್ಪತ್ತಾರಕ್ಕೆ ಏರಿತು. ಡಾಕ್ಟರ್ ಟಾರ್ಚ್ ಹಿಡಿದು ನನ್ನ ಹಿಂದೆ ನಿಂತರು. ಇಪ್ಪತ್ತು. ಹದಿನೈದು. ಕಾರಿನ ಹಾರ್ನ್ ಕೇಳಿತು.

ಬಿಳಿ ಜುಬ್ಬಾ, ಅತ್ತರಿನ ಘಮ. ಜುಬ್ಬಾ ತೋಳು ಮಡಿಚಿ ಕುತುಬುದ್ದೀನ್ ಕಾರಿನ ಬ್ಯಾಟರಿಯಿಂದ ಜನರೇಟರಿಗೆ ವೈರ್ ಎಳೆದರು. ಓಬಯ್ಯ ಕೀ ತಿರುವಿದ. ಕೆಮ್ಮಿತು. ಇನ್ನೊಮ್ಮೆ. ಕೆಮ್ಮಿ, ಹೊಗೆ ಬಿಟ್ಟು, ಹಿಡಿಯಿತು. ಒಂಬತ್ತು ನಿಮಿಷ ಉಳಿದಿತ್ತು. ಸರ್ವರ್‌ಗೆ ಏನೂ ಗೊತ್ತೇ ಆಗಿಲ್ಲ, ಐವತ್ತು ಅಂತ ತೋರಿಸುತ್ತಿತ್ತು.

ಕುತುಬುದ್ದೀನ್ ತಾಯಿ ಮಾಬೂಬೀ ಒಂದು ಸ್ಟೀಲ್ ಕ್ಯಾನಿನಲ್ಲಿ ಹಬ್ಬದ ಶೀರ್‌ಖುರ್ಮಾ ಪಾಯಸ ಕಳಿಸಿದ್ದರು. ಅದರ ಜೊತೆ ನಮ್ಮ ಹೋಳಿಗೆ. ರಿಸೆಪ್ಷನ್ ಬೆಂಚಿನ ಮೇಲೆ ನಾಲ್ಕು ಜನ ಕೂತು ತಿಂದೆವು. ಡಾಕ್ಟರ್ ಎರಡು ಸಲ ಹಾಕಿಸಿಕೊಂಡರು.

ನಾಳೆ ಮೊದಲ ಕೆಲಸ ಜನರೇಟರಿಗೆ ಹೊಸ ಬ್ಯಾಟರಿ. ಡೀಸೆಲ್ ಕೇಳಿದೆ, ಒಮ್ಮೆ ಶುರು ಮಾಡಿ ತೋರಿಸು ಅನ್ನಲಿಲ್ಲ. ಅದು ನನ್ನ ತಪ್ಪು.

ಏಪ್ರಿಲ್ 2, ಬುಧವಾರ

ಸಂಜೆ ಏಳಕ್ಕೆ ನೂರು. ಆರು ಹಸಿರು ದೀಪ. ಆದರೆ ಸರ್ವರ್ ಇನ್ನೂ 98 ಭರ್ತಿ ಅನ್ನುತ್ತಿದೆ. ಆಮೇಲೆ ಹೊಳೆಯಿತು: ಕಾರ್ಡಿಗೆ ಗೊತ್ತು, ಮೇಲಿನ ವಿಂಡೋಸ್‌ಗೆ ಇನ್ನೂ ಯಾರೂ ಹೇಳಿಲ್ಲ. ಹೊಲ ಕೊಂಡಾಗಿದೆ, ಬೇಲಿ ಸರಿಸಬೇಕು, ಅಷ್ಟೇ. ಐದು ನಿಮಿಷದ ಕೆಲಸ.

ಮಾಡಲಿಲ್ಲ. ಹೊನ್ನಕ್ಕನಿಗೆ ಫೋನ್ ಮಾಡಿದೆ, ನಾಳೆ ಕರೆದುಕೊಂಡು ಬರ್ರಿ ಅಂತ.

ಏಪ್ರಿಲ್ 3, ಗುರುವಾರ

ಬಂದರು. ಡಿಸೆಂಬರಿನ ಮೇಲೆ ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೊರಟಿದ್ದು ಇದೇ ಮೊದಲು. ಊರುಗೋಲು, ಎಡಗಡೆ ಹೊನ್ನಕ್ಕ. ಓಬಯ್ಯ ಸೆಲ್ಯೂಟ್ ಹೊಡೆದ. ಸರ್ವರ್ ಕೋಣೆಯಲ್ಲಿ ಕುರ್ಚಿ ಹಾಕಿಟ್ಟಿದ್ದೆ. ಸರ್ ಕೂತು ಆರು ದೀಪ ನೋಡಿದರು, ಬಹಳ ಹೊತ್ತು.

"ನೀವೇ ಒತ್ತಿ ಸರ್" ಅಂದೆ.

ತಲೆ ಅಲ್ಲಾಡಿಸಿದರು. "ನೀನು." ಆಮೇಲೆ ಉಸಿರು ಎಳೆದುಕೊಂಡು, "ಕೆಲಸ... ನಿಂದು."

ಒತ್ತಿದೆ. ಪಟ್ಟಿ ಸರ್ರನೆ ಕೆಳಗಿಳಿಯಿತು. ಐವತ್ತೊಂಬತ್ತು. ಉಳಿದದ್ದೆಲ್ಲ ಖಾಲಿ, ಬಿಳಿ.

ಡಾಕ್ಟರ್ ಬಂದು ಪರಶುರಾಮ್ ಸರ್ ಭುಜ ಹಿಡಿದುಕೊಂಡರು. ಕಾಪಿ ವಿಷಯ ಎತ್ತಲಿಲ್ಲ. ನಾನೇ ಎತ್ತಿದೆ. "ರಾತ್ರಿ ಕಾಪಿ ಮತ್ತೆ ಶುರು ಮಾಡಿದ್ದೀನಿ ಸರ್. ಅದು ಆಗೈತೋ ಇಲ್ವೋ ಪ್ರತಿ ಬೆಳಿಗ್ಗೆ ನೋಡೋಕೆ ಒಬ್ರು ಬೇಕು. ಮನೇಲಿ ಕೂತು ನೋಡಬಹುದು. ಪರಶುರಾಮ್ ಸರ್ ನೋಡ್ಲಿ."

ಡಾಕ್ಟರ್ ನನ್ನನ್ನು ಹೊರಗೆ ಕರೆದು, "ಅವನಿಗೆ ಮಾತೇ ಬರಲ್ಲ..." ಅಂದರು.

"ದೀಪ ಹಸಿರೋ ಕೆಂಪೋ ಅಂತ ಹೇಳೋಕೆ ಎಷ್ಟು ಮಾತು ಬೇಕು ಸರ್? ಒಮ್ಮೆ ತಪ್ಪಿದವ್ರು ಇನ್ನೊಮ್ಮೆ ತಪ್ಪಲ್ಲ."

ಸೋಮವಾರದಿಂದ ಶುರು.

ಏಪ್ರಿಲ್ 17, ಗುರುವಾರ

ಬರೆಯದೆ ಎರಡು ವಾರವಾಯಿತು. ಹೊತ್ತೇ ಸಿಗುತ್ತಿಲ್ಲ. ಹೊಸದಾಗಿ ಬಂದ ಸುಧಾಗೆ ಟೈಪಿಂಗ್ ಕೆಲಸ ವಹಿಸಿ, ಸರ್ವರ್ ಕೆಲಸವನ್ನೂ ಕಲಿಸುತ್ತಿದ್ದೇನೆ. ಎಣಿಕೆ ಸೊನ್ನೆಯಿಂದ ಅಂತ ಮೊದಲ ದಿನವೇ ಹೇಳಿದೆ.

ಸರ್ ದಿನಾ ಬೆಳಿಗ್ಗೆ ಏಳೂವರೆಗೆ ಎಡಗೈಯಲ್ಲಿ ಒಂದು ಮೆಸೇಜ್ ಕಳಿಸುತ್ತಾರೆ: "ಆಗಿದೆ." ಒಂದು ದಿನವೂ ತಪ್ಪಿಲ್ಲ.

ಇವತ್ತು ರೊಟ್ಟಿ ತಟ್ಟುತ್ತಿದ್ದೆ, ಮೆಸೇಜ್ ಬದಲು ಫೋನ್ ಬಂತು. "ಪುಷ್ಪಾ, ನಿನ್ನೆ... ಕಾಪಿ ಆಗಿಲ್ಲ. ಕೇಬಲ್ ಬಿದ್ದಿರ್ಬೇಕು. ಬೇಗ ಹೋಗು."

"ಹೊಂಟೆ ಸರ್."

ಹೆಂಚಿನ ಮೇಲಿನ ರೊಟ್ಟಿ ಇವರಿಗೆ ಒಪ್ಪಿಸಿ ಆಟೋ ಹಿಡಿದೆ. ನೆಲ ಒರೆಸುವವರು ಮೇಜು ಸರಿಸಿದ್ದರು, ಕೇಬಲ್ ಬಿದ್ದಿತ್ತು. ಸಿಕ್ಕಿಸಿ ಕಾಪಿ ಶುರು ಮಾಡಿದೆ. ಮೇಜು ಸರಿಸದಂತೆ ಒಂದು ಚೀಟಿ ಅಂಟಿಸಿದೆ. ಕುರ್ಚಿಯಲ್ಲಿ ಕೂತು ನೀರಿನ ಬಾಟಲಿ ಮುಚ್ಚಳ ತೆಗೆದಾಗ ಹೊಳೆಯಿತು: ಬೆಳಿಗ್ಗೆ ಬಂದದ್ದು ಮೆಸೇಜ್ ಅಲ್ಲ, ಮಾತು.

ಫೋನ್ ಮಾಡಿದೆ. ಹೊನ್ನಕ್ಕ ಎತ್ತಿದರು.

"ಹೊನ್ನಕ್ಕಾ, ಸರ್ ನನ್ ಜೊತೆ ಮಾತಾಡಿದ್ರು."

"ಗೊತ್ತು ತಂಗೀ." ಅವರ ದನಿ ಒದ್ದೆಯಾಗಿತ್ತು. "ನಾನು ಬಾಗ್ಲಾಗೇ ನಿಂತಿದ್ದೆ. ಒಂದಕ್ಷರ ನಾ ಹೇಳ್ಕೊಡಲಿಲ್ಲ."

ಹಿಂದಿನಿಂದ ಸಿಡುಕಿನ ದನಿ ಕೇಳಿತು. "ಯಾರು, ಪುಷ್ಪಾನಾ? ಎಷ್ಟಾತು... ಕೇಳು."

ಹನ್ನೊಂದು ಪರ್ಸೆಂಟ್ ಅಂತ ಹೇಳ್ರಿ ಅಂದೆ.